ಒಲೆ ಇದ್ದ ವ್ಯಾನು, ಒಲೆ ಇಲ್ಲದ ವ್ಯಾನು

ಹಾಸನದ ರಸ್ತೆಯಲ್ಲಿ ತಗಡಿನ ಶೆಡ್ಡೊಂದರ ಮುಂದೆ ಎರಡು ವ್ಯಾನುಗಳು ಅಕ್ಕಪಕ್ಕ ನಿಂತಿದ್ದವು. ಎರಡೂ ಬಿಳಿ, ಎರಡೂ ಬೇರೆಯವರು ಓಡಿಸಿ ಬಿಟ್ಟ ಗಾಡಿಗಳು. ಒಂದರ ಬಾಗಿಲು ತೆಗೆದರೆ ಒಳಗೆ ಸಂಸಾರವೇ ಇತ್ತು. ಗ್ಯಾಸ್ ಒಲೆ, ಸಿಂಕು, ಮೊಣಕಾಲೆತ್ತರದ ಫ್ರಿಜ್ಜು, ಮಡಚುವ ಮಂಚ, ಗೋಡೆಗೆ ಬಡಿದ ಕಪಾಟುಗಳು, ಹಿಂದೆ ಪುಟ್ಟದೊಂದು ಬಾಗಿಲು, ಅದರೊಳಗೆ ಪಾಯಿಖಾನೆ. ಇನ್ನೊಂದರ ಬಾಗಿಲು ತೆಗೆದರೆ ಏನೂ ಇರಲಿಲ್ಲ. ಕಬ್ಬಿಣದ ನೆಲ, ಅದರ ಮೇಲೊಂದು ರಬ್ಬರ್ ಹಾಸು, ಎರಡೂ ಕಡೆ ಕಿಟಕಿ, ಅಷ್ಟೇ.

ನನ್ನ ಹೆಂಡತಿ ಮೊದಲನೆಯದರೊಳಗೆ ತಲೆ ಹಾಕಿ ಒಲೆ ನೋಡಿದಳು, ತಲೆ ಹೊರಗೆಳೆದುಕೊಂಡಳು. ಎರಡನೆಯದಕ್ಕೆ ಬಾಗಿಲ ಚೌಕಟ್ಟು ಹಿಡಿದು ಹತ್ತಿದಳು. ಮಂಡಿ ನೋವಿನವಳು, ನೆಲದ ಮೇಲೆ ಕೂರುವುದೇ ಅವಳಿಗೆ ಒಂದು ಕೆಲಸ. ಆದರೂ ನಡುಮಧ್ಯೆ ಕೂತು, ಬೆನ್ನನ್ನು ಗೋಡೆಗೆ ಕೊಟ್ಟು, ಎರಡೂ ಕಾಲು ಉದ್ದಕ್ಕೆ ಚಾಚಿದಳು.

"ಇದೇ ಸಾಕು ಕಣ್ರೀ," ಅಂದಳು.

"ಇದರಲ್ಲಿ ಏನಿದೆಯೇ?"

"ಏನೂ ಇಲ್ವಲ್ಲ, ಅದಕ್ಕೇ."

ನಾನು ನಕ್ಕೆ. ಶೆಡ್ಡಿನ ಯಜಮಾನನೂ ನಕ್ಕ. ಹೆಂಗಸರಿಗೆ ಗಾಡಿಯ ವಿಷಯ ಏನು ಗೊತ್ತು ಎನ್ನುವ ನಗು ಅದು, ಅದರಲ್ಲಿ ನನ್ನದೇ ದೊಡ್ಡ ಪಾಲು. ಒಲೆ ಇರುವುದನ್ನೇ ತಂದೆವು. ತಂದೆವು ಎಂದು ಬಹುವಚನ ಹಾಕುತ್ತಿದ್ದೇನೆ, ತಂದವನು ನಾನು.

ಯಾಕೆ ತಂದೆ ಎಂದು ಹೇಳಬೇಕಾದರೆ ನಮ್ಮ ಮನೆತನದ ಸುದ್ದಿ ಸ್ವಲ್ಪ ಹೇಳಬೇಕು. ನಮ್ಮವರು ಹಾರನಹಳ್ಳಿಯಲ್ಲಿ ದೇವಸ್ಥಾನದ ಪೂಜೆ ಮಾಡಿಕೊಂಡು ಬಂದವರು. ಪೂಜೆ ತಮ್ಮನ ಪಾಲಿಗೆ ಬಂತು, ನಾನು ಅರಸೀಕೆರೆಯಲ್ಲಿ ಗಣಿತದ ಮೇಷ್ಟ್ರಾದೆ. ಕೆಲಸಕ್ಕೆ ಸೇರುವ ದಿನ ಅಪ್ಪ ಹೇಳಿದ್ದು ಒಂದೇ ಮಾತು. "ತಮ್ಮನಿಗೆ ಹುಷಾರು ತಪ್ಪಿದ್ರೆ ನೀನೇ ಬಂದು ದೇವರನ್ನ ಮುಟ್ಟಬೇಕು. ಹೊರಗಡೆ ಬೇಯಿಸಿದ್ದನ್ನ ಬಾಯಿಗೆ ಇಡಬೇಡ."

ನಾನು ಇಡಲಿಲ್ಲ. ಅಷ್ಟೂ ವರ್ಷದ ಸರ್ವಿಸಿನಲ್ಲಿ ಒಂದು ವಡೆ, ಒಂದು ಬಿಸ್ಕತ್ತು ಹೊರಗಿನದು ತಿಂದವನಲ್ಲ. ಬೀಳ್ಕೊಡುಗೆ ಸಮಾರಂಭಗಳಲ್ಲಿ ಎಲ್ಲರೂ ಎಲೆ ಮುಂದೆ ಕೂತಾಗ ನಾನು ಬಾಳೆಹಣ್ಣು ಸುಲಿದುಕೊಂಡು ಕೂತಿರುತ್ತಿದ್ದೆ. "ನಮ್ಮ ಮೇಷ್ಟ್ರು ಹೊರಗಡೆ ನೀರೂ ಕುಡಿಯಲ್ಲ" ಎಂದು ಹೊಸದಾಗಿ ಬಂದವರಿಗೆ ಹೇಳುತ್ತಿದ್ದರು. ಅದನ್ನು ಕೇಳುವುದು ನನಗೆ ಬಹಳ ಇಷ್ಟವಾಗುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಸಂಬಳ ಹೆಚ್ಚಾದ ದಿನಕ್ಕಿಂತ ಹೆಚ್ಚು ಇಷ್ಟವಾಗುತ್ತಿತ್ತು.

ಹೆಸರು ನನ್ನದು, ಒಲೆಯ ಮುಂದೆ ನಿಂತವಳು ಅವಳು. ನಸುಕಿಗೇ ಎದ್ದು, ತಲೆಗೆ ನೀರು ಹಾಕಿಕೊಂಡು, ಮಡಿಯುಟ್ಟು ಅನ್ನ ಸಾರು ಮಾಡಿ ಕ್ಯಾರಿಯರಿಗೆ ತುಂಬಿದರೆ ನಾನು ಹಿಡಿದುಕೊಂಡು ಹೊರಡುತ್ತಿದ್ದೆ. ಪರೀಕ್ಷೆಯ ಪೇಪರ್ ತಿದ್ದಲು ಬೇರೆ ಊರಿಗೆ ಹಾಕಿದರೆ ಅವಳನ್ನೂ ಕರೆದುಕೊಂಡು ಹೋಗುತ್ತಿದ್ದೆ. ಬಾಡಿಗೆ ಕೋಣೆ, ಜೊತೆಗೊಂದು ಪಂಪ್ ಸ್ಟೌವ್, ಚೀಲದಲ್ಲಿ ಅಕ್ಕಿ ಬೇಳೆ. ಜೊತೆಯ ಮೇಷ್ಟ್ರುಗಳು ತಮ್ಮ ಹೆಂಡಿರನ್ನು ಕರೆತಂದರೆ ಸಂಜೆ ಅರಮನೆ, ಕೆರೆ, ಪಾರ್ಕು ಎಂದು ಸುತ್ತಿಸುತ್ತಿದ್ದರು. ನಮ್ಮದು ಹಾಗಲ್ಲ. ನಾನು ಬರುವ ಹೊತ್ತಿಗೆ ರಾತ್ರಿಯ ಅಡುಗೆ ಆಗಬೇಕಿತ್ತು.

ಹೀಗಾಗಿ ಅವಳಿಗೆ ಊರುಗಳ ಪರಿಚಯ ಬೇರೆಯೇ ರೀತಿ. "ನೀವು ಮೈಸೂರು ನೋಡಿದ್ದೀರಾ?" ಎಂದು ಯಾರಾದರೂ ಕೇಳಿದರೆ, "ಓ, ನೋಡಿದ್ದೀನಿ. ನೀರು ಮೆತ್ತಗಿದೆ, ಬೇಳೆ ಬೇಗ ಬೇಯುತ್ತೆ" ಅನ್ನುತ್ತಿದ್ದಳು. ಚಿತ್ರದುರ್ಗ ಎಂದರೆ, "ಅಯ್ಯೋ, ಆ ಊರಿನ ನೀರಿಗೆ ಬೇಳೆ ಮಧ್ಯಾಹ್ನದ ತನಕ ಬೇಯಲ್ಲ." ಕೇಳಿದವರು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ನಾನು ಅದನ್ನು ಅವಳ ತಮಾಷೆ ಎಂದುಕೊಂಡೇ ಇದ್ದೆ.

ನಾನು ರಿಟೈರಾದ ಮೇಲೆ ಅವಳು ಕೇಳಿದ್ದು ಒಂದೇ. "ಎಲ್ಲಾದ್ರೂ ಹೋಗ್ತಾ ಇರೋಣ ಕಣ್ರೀ, ಸುಮ್ನೆ." ಆ 'ಸುಮ್ನೆ' ನನ್ನ ಕಿವಿಗೆ ಬೀಳಲಿಲ್ಲ. 'ಹೋಗ್ತಾ ಇರೋಣ' ಮಾತ್ರ ಬಿತ್ತು. ಹೋದರೆ ಊಟಕ್ಕೇನು ಎಂದು ಯೋಚಿಸಿದೆ. ಫೋನಿನಲ್ಲಿ ವ್ಯಾನಿನೊಳಗೇ ಅಡುಗೆಮನೆ ಇಟ್ಟುಕೊಂಡು ಊರೂರು ತಿರುಗುವವರನ್ನು ನೋಡಿದೆ. ದಾರಿಯಲ್ಲೂ ನಮ್ಮ ಒಲೆ, ನಮ್ಮ ಪಾತ್ರೆ, ನಮ್ಮ ಮಡಿ. ಇದಕ್ಕಿಂತ ಇನ್ನೇನು ಬೇಕು ಎಂದು ನನಗೇ ನಾನು ಭೇಷ್ ಅಂದುಕೊಂಡೆ. ಅಡುಗೆಮನೆಯಿಂದ ಬಿಡಿಸಿಕೊಂಡು ಹೊರಗೆ ಹೋಗಬೇಕು ಅಂದವಳಿಗೆ ಚಕ್ರದ ಮೇಲೆ ಇನ್ನೊಂದು ಅಡುಗೆಮನೆ ಕೊಂಡುಕೊಟ್ಟೆ.

ವ್ಯಾನಿಗೆ ಪೂಜೆ ಮಾಡಿಸಲು ಮೊದಲು ಹಾರನಹಳ್ಳಿಗೆ ತೆಗೆದುಕೊಂಡು ಹೋದೆವು. ತಮ್ಮ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಒಳಗೆ ಮಂತ್ರಾಕ್ಷತೆ ಹಾಕಲು ಹತ್ತಿದ. ಹಿಂದಿನ ಪುಟ್ಟ ಬಾಗಿಲು ತೆಗೆದು ನೋಡಿ ಅಲ್ಲೇ ನಿಂತ.

"ಅಣ್ಣ, ಒಲೆಗೂ ಇದಕ್ಕೂ ಮಧ್ಯೆ ಇರೋದು ಒಂದು ಹಲಗೆ. ಇಲ್ಲಿ ಬೇಯಿಸಿದ್ದು ಮಡಿ ಆಗುತ್ತಾ?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. ಒಲೆ ನೋಡಿದ ಖುಷಿಯಲ್ಲಿ ನಾನು ಆ ಹಲಗೆಯ ವಿಷಯ ಯೋಚಿಸಿರಲೇ ಇಲ್ಲ. ಆದರೆ ಗಣಿತದ ಮೇಷ್ಟ್ರಿಗೆ ಉತ್ತರ ಸಿಗದೆ ಇರುತ್ತದೆಯೇ? "ಉಪಯೋಗಿಸದೇ ಇದ್ದರೆ ಅದು ಪಾಯಿಖಾನೆ ಹೇಗಾಗುತ್ತೆ? ಬರೀ ಒಂದು ಕಪಾಟು" ಅಂದೆ. ತಮ್ಮ ಅರೆಮನಸ್ಸಿನಿಂದ ಒಪ್ಪಿದ. ಒಳಗೆ ಗಂಜಲ ಚಿಮುಕಿಸಿ, ತೋಟದ ತೆಂಗಿನಕಾಯಿ ತುಂಬಿ, ಬಾಗಿಲಿಗೆ ಬೀಗ ಹಾಕಿದೆ.

"ಹಾಗಾದ್ರೆ ನನಗೆ?" ಅಂದಳು ಹೆಂಡತಿ. ಅವಳಿಗೆ ಸಕ್ಕರೆ ಕಾಯಿಲೆ, ದಾರಿಯಲ್ಲಿ ಎರಡು ಮೂರು ಸಲವಾದರೂ ಇಳಿಯಲೇಬೇಕು.

"ದಾರಿಯಲ್ಲಿ ಎಲ್ಲಾದರೂ ಸಿಗುತ್ತೆ ಬಿಡೇ," ಅಂದೆ.

ಮೊದಲ ಪ್ರಯಾಣ ಬೇಲೂರು, ಹಳೇಬೀಡಿಗೆ. ಅರಸೀಕೆರೆ ಕಡೆ ಹುಟ್ಟಿ ಬೆಳೆದವರಿಗೆ ಅವು ಪಕ್ಕದ ಬೀದಿಯ ಹಾಗೆ, ಆದ್ದರಿಂದಲೇ ನೋಡದೆ ಉಳಿಯುತ್ತವೆ. ಅವಳು ಹಳೇಬೀಡನ್ನು ಶಾಲೆಯಲ್ಲಿದ್ದಾಗ ಒಮ್ಮೆ ನೋಡಿದ್ದಳಂತೆ, ಗೋಡೆಯ ಮೇಲಿನ ಆನೆಗಳು ನೆನಪಿವೆ ಅಂದಳು. ಬೇಲೂರನ್ನು ನೋಡಿಯೇ ಇರಲಿಲ್ಲ. ಹಿಂದಿನ ದಿನವೇ ರೇಷ್ಮೆ ಅಂಚಿನ ಸೀರೆ ತೆಗೆದಿಟ್ಟಳು. ಬೆಳಿಗ್ಗೆ ಅದನ್ನು ಮಡಚಿಟ್ಟು ಹತ್ತಿಯ ಸೀರೆ ಉಟ್ಟಳು. "ಒಲೆ ಮುಂದೆ ಅದು ಹಾಳಾಗುತ್ತೆ" ಅಂದಳು. ಆಗಲೂ ನನಗೆ ಏನೂ ಅನ್ನಿಸಲಿಲ್ಲ. ಕಣ್ಣಿದ್ದೂ ಕುರುಡ ಅನ್ನುತ್ತಾರಲ್ಲ, ಹಾಗೆ ಸ್ಟೀರಿಂಗ್ ಹಿಡಿದು ಕೂತಿದ್ದೆ.

ಹಾಸನ ದಾಟಿ ಹಗರೆಯ ಹತ್ತಿರ ಬರುವಾಗ ಅವಳು ನಿಲ್ಲಿಸಿ ಅಂದಳು. ರಸ್ತೆ ಬದಿಯಲ್ಲಿ ಒಂದು ಮನೆ, ಮುಂದೆ ಎರಡು ಸೀಮೆಹಸು, ಹಾಲಿನ ಕ್ಯಾನು ತೊಳೆಯುತ್ತಿದ್ದ ಹೆಂಗಸು. ನನ್ನ ಹೆಂಡತಿ ಇಳಿದು ಹೋಗಿ ಸಂಕೋಚದಿಂದ ಕೇಳಿದಳು.

"ಬನ್ನಿ ಅವ್ವಾ, ಹಿತ್ಲಲ್ಲಿ ಐತೆ," ಅಂದಿತು ಆ ಹೆಂಗಸು. ಆಮೇಲೆ ವ್ಯಾನಿನ ಕಡೆ ನೋಡಿ, "ಇಷ್ಟು ದೊಡ್ ಗಾಡಿ ಐತೆ, ಅದ್ರಲ್ಲಿ ಇಲ್ವಾ?"

"ಇದೆ. ಅದರಲ್ಲಿ ತೆಂಗಿನಕಾಯಿ ಇಟ್ಟಿದ್ದೀವಿ."

ಒಂದು ಗಳಿಗೆ ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಹಿತ್ತಲಿಗೆ ಹೋಗಿ ಬಂದ ಮೇಲೂ ನನ್ನ ಹೆಂಡತಿ ವ್ಯಾನಿಗೆ ಬರಲಿಲ್ಲ. ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತಳು. ಆ ಹೆಂಗಸು ಲೋಟದಲ್ಲಿ ಕಾಫಿ ತಂದುಕೊಟ್ಟಿತು. ಅವಳು ಒಮ್ಮೆ ನನ್ನ ಕಡೆ ನೋಡಿದಳು, ಆಮೇಲೆ ಕುಡಿದಳು. ಹಸುವಿನ ವಿಷಯ, ಮಂಡಿಯ ವಿಷಯ, ಏನೇನೋ ಮಾತು. ಅವಳು ಅಷ್ಟು ಜೋರಾಗಿ ಮಾತಾಡುವುದನ್ನು ನಾನು ಕೇಳಿ ಬಹಳ ದಿನವಾಗಿತ್ತು. ಬೇಲೂರಿಗೆ ಹೋಗಿ ಅಡುಗೆಯಾಗಬೇಕು, ಹೊತ್ತಾಗುತ್ತದೆ ಎಂದು ನನ್ನ ಲೆಕ್ಕ. ಹಾರನ್ ಒತ್ತಿದೆ. ಅವಳು ಲೋಟದಲ್ಲಿ ಉಳಿದಿದ್ದನ್ನು ಒಂದೇ ಗುಟುಕಿಗೆ ಕುಡಿದು, ನಾಲಗೆ ಸುಟ್ಟುಕೊಂಡು, ಎದ್ದು ಬಂದಳು.

ಆ ಹಾರನ್ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಎಮ್ಮೆಯನ್ನು ರಸ್ತೆಯಿಂದ ಸರಿಸಲು ಒತ್ತುವ ಹಾಗೆ ಒತ್ತಿದ್ದೆ.

ಬೇಲೂರಿನಲ್ಲಿ ವ್ಯಾನು ನಿಲ್ಲಿಸಿದೆ. "ನೀವು ಹೋಗಿ ನೋಡ್ಕೊಂಡು ಬನ್ನಿ, ಅಷ್ಟರಲ್ಲಿ ಅನ್ನ ಸಾರು ಆಗುತ್ತೆ. ಆಮೇಲೆ ನಾನು ಹೋಗ್ತೀನಿ" ಅಂದಳು. ನಾನು ಹೋದೆ. ದೇವರ ದರ್ಶನ ಮಾಡಿಕೊಂಡು ಹೊರಗೆ ಒಂದು ಸುತ್ತು ಬಂದೆ. ಯಾರೋ ನನ್ನ ವಯಸ್ಸಿನ ಗಂಡ ಹೆಂಡತಿ. ಆಕೆ ಕತ್ತೆತ್ತಿ ಮೇಲಿನ ಮದನಿಕೆಯನ್ನು ನೋಡುತ್ತಿದ್ದರು, ಆತ ಆಕೆಯ ವ್ಯಾನಿಟಿ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದರು. ಎದೆಯಲ್ಲಿ ಏನೋ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಆದರೆ ಹೊಟ್ಟೆಯೂ ಚುರುಗುಡುತ್ತಿತ್ತು, ಹೊಟ್ಟೆಯೇ ಗೆದ್ದಿತು.

ವಾಪಸು ಬಂದರೆ ವ್ಯಾನಿನೊಳಗೆ ಕಾಲಿಡಲಾಗದಷ್ಟು ಝಳ. ಗಾಳಿಗೆ ಒಲೆ ಆರುತ್ತದೆಂದು ಕಿಟಕಿ ಮುಚ್ಚಿಕೊಂಡಿದ್ದಳು. ಮುಖ ಕೆಂಪಾಗಿ, ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ಮಂಡಿಗೆ ಆಸರೆಯಾಗಿ ಸಿಂಕನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಒಗ್ಗರಣೆ ಹಾಕುತ್ತಿದ್ದಳು. ಎಲೆ ಹಾಕಿ ಬಡಿಸಿದಳು. "ಸಾರು ಚೆನ್ನಾಗಿದೆ" ಅಂದೆ. ಅವಳ ಊಟ ಮುಗಿದು, ಒಲೆ ಒರೆಸುವ ಹೊತ್ತಿಗೆ ಒಳಗೆ ಗರ್ಭಗುಡಿಯ ಬಾಗಿಲು ಹಾಕಿದ್ದರು. ಹೊರಗಾದರೂ ನೋಡೋಣವೆಂದು ಚಪ್ಪಲಿ ಬಿಟ್ಟು ಅಂಗಳಕ್ಕೆ ಕಾಲಿಟ್ಟವಳು, ಕಾದ ಕಲ್ಲಿಗೆ ತಡೆಯಲಾರದೆ ಹಿಂದಕ್ಕೆ ಬಂದಳು.

ಹಳೇಬೀಡಿನಲ್ಲಿ ಅವಳು ಪಾತ್ರೆ ತೊಳೆದಳು. ಟ್ಯಾಂಕಿನ ನೀರು ಅರ್ಧಕ್ಕೇ ಮುಗಿಯಿತು, ಜಿಡ್ಡು ಉಳಿಯಿತು. ಅದನ್ನು ಹಾಗೇ ಬಿಡುವವಳಲ್ಲ, ಎಲ್ಲಿಂದಲೋ ಕೊಡದಲ್ಲಿ ನೀರು ತಂದಳು. ನಾನು ದೊಡ್ಡ ನಂದಿಯ ತನಕ ಹೋಗಿ ಬಂದೆ. ಅವಳು ಪಾತ್ರೆ ಒರೆಸಿ ಕಪಾಟಿಗೆ ಇಟ್ಟು ತಲೆಯೆತ್ತಿದಾಗ ಗೇಟು ಮುಚ್ಚುವ ಹೊತ್ತು. "ಇನ್ನೊಂದು ಸಲ ಬಂದ್ರಾಯ್ತು ಬಿಡಿ" ಅಂದಳು. ಗೊಣಗಲಿಲ್ಲ. ಗೊಣಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ನಾನು ಅಂಗಳದಲ್ಲಿ ಪೇಪರ್ ಓದುತ್ತಿದ್ದೆ. ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಅವಳನ್ನು ಕೇಳಿದರು, "ಏನ್ರೀ, ಬೇಲೂರು ಹೇಗಿತ್ತು?"

"ನೀರು ಚೆನ್ನಾಗಿದೆ ಕಣ್ರೀ," ಅಂದಳು. "ಬೇಳೆ ಬೇಗ ಬೆಂತು."

ಈ ಸಲ ಅವಳು ನಗಲಿಲ್ಲ, ತಮಾಷೆಯಾಗಿಯೂ ಹೇಳಲಿಲ್ಲ. ಕೇಳಿದ್ದಕ್ಕೆ ಗೊತ್ತಿದ್ದ ಉತ್ತರ ಕೊಟ್ಟಳು, ಅಷ್ಟೇ. ನಾನು ಪೇಪರ್ ಮಡಚಿಟ್ಟೆ. ಮೈಸೂರು, ಚಿತ್ರದುರ್ಗ, ಪೇಪರ್ ತಿದ್ದಲು ಹೋದ ಎಲ್ಲ ಊರುಗಳೂ ಒಟ್ಟಿಗೇ ಎದ್ದು ಬಂದು ನನ್ನ ಮುಂದೆ ನಿಂತವು. ಇಷ್ಟು ವರ್ಷ ಅವಳು ಹೇಳುತ್ತಿದ್ದದ್ದು ತಮಾಷೆಯಲ್ಲ, ದೂರು. ಅದಕ್ಕೆ ನಾನೂ ಎಲ್ಲರ ಜೊತೆ ಸೇರಿ ಹಲ್ಲು ಕಿರಿದಿದ್ದೆ.

ಆ ವಾರವೇ ವ್ಯಾನನ್ನು ಶೆಡ್ಡಿಗೆ ತೆಗೆದುಕೊಂಡು ಹೋದೆ. ಖಾಲಿ ವ್ಯಾನು ಯಾರದೋ ಪಾಲಾಗಿತ್ತು. ಒಲೆ, ಸಿಂಕು, ಫ್ರಿಜ್ಜು, ಕಪಾಟು ಎಲ್ಲ ಕೀಳಿಸಬೇಕು ಅಂದೆ. ಪಾಯಿಖಾನೆ ಒಂದನ್ನು ಮಾತ್ರ ಬಿಡಿ, ಕಾಯಿ ಹೊರಗೆ ತೆಗೆದಿದ್ದೇನೆ ಎಂದೂ ಹೇಳಿದೆ.

"ಎಲ್ಲಾರೂ ಹಾಕ್ಸೋಕೆ ಬತ್ತಾರೆ ಸಾರ್, ನೀವು ಕೀಳ್ಸೋಕೆ ಬಂದಿದ್ದೀರಲ್ಲ," ಅಂದ ಯಜಮಾನ. "ಅವತ್ತೇ ಅಮ್ಮೋರು ಹೇಳಿದ್ರು."

ಮಾಡಿದ್ದುಣ್ಣೋ ಮಹಾರಾಯ. ಎಲ್ಲ ಕಿತ್ತ ಮೇಲೆ ನೆಲದ ತುಂಬ ಸ್ಕ್ರೂಗಳ ತೂತು ಉಳಿದವು. ಅದರ ಮೇಲೆ ರಬ್ಬರ್ ಹಾಸು ಹಾಕಿಸಿ ಮನೆಗೆ ತಂದೆ. ಅವಳು ಬಾಗಿಲು ತೆಗೆದು ಒಳಗೆ ನೋಡಿದಳು.

"ಊಟಕ್ಕೇನು ಮಾಡ್ತೀರಿ?"

"ಹೋಟೆಲು."

ಅವಳು ನಕ್ಕಳು. ನಂಬಿದ ನಗುವಲ್ಲ ಅದು.

ಎರಡನೆಯ ಸಲ ನೇರ ಹಳೇಬೀಡಿಗೇ ಹೊರಟೆವು, ಜಾವಗಲ್ ದಾರಿಯಲ್ಲಿ. ಅವಳು ರೇಷ್ಮೆ ಅಂಚಿನ ಸೀರೆ ಉಟ್ಟಿದ್ದಳು. ಹಿಂದೆ ಚಾಪೆ ಹಾಸಿ, ದಿಂಬಿಗೆ ಒರಗಿ, ಕಾಲು ಚಾಚಿ ಕೂತಿದ್ದಳು. ಬಾಣಾವರ ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದರೆ ನಿದ್ದೆ ಮಾಡುತ್ತಿದ್ದಳು. ನನಗೆ ಒಳಗೊಳಗೇ ಹೆಮ್ಮೆ. ಪಾಪ ಕಳೆದುಕೊಂಡೆ ಎಂದುಕೊಂಡೆ. ಇನ್ನುಳಿದದ್ದು ಒಂದು ಇಡ್ಲಿ, ಅದನ್ನೂ ತಿಂದುಬಿಟ್ಟರೆ ಮುಗಿಯಿತು, ಅವಳು ಖುಷಿಪಡುತ್ತಾಳೆ ಎಂದು ದಾರಿಯುದ್ದಕ್ಕೂ ಆ ದೃಶ್ಯವನ್ನೇ ಕಣ್ಣ ಮುಂದೆ ತಂದುಕೊಂಡು ಬಂದೆ. ತಮ್ಮನ ಮಗ ಈಗ ಪೂಜೆಗೆ ನಿಲ್ಲುತ್ತಾನೆ, ದೇವರನ್ನು ಮುಟ್ಟಲು ನನ್ನನ್ನು ಕರೆಯುವ ಪ್ರಮೇಯವೂ ಇಲ್ಲ. ಆ ಪ್ರಮೇಯ ತಪ್ಪಿಯೇ ಎಷ್ಟೋ ವರ್ಷಗಳಾಗಿದ್ದವು ಎಂಬುದು ಮಾತ್ರ ಆಗ ಹೊಳೆಯಲಿಲ್ಲ.

ದೇವಸ್ಥಾನದ ರಸ್ತೆಯಲ್ಲಿ ಒಂದು ಹೋಟೆಲು. ಅವಳು ಮಸಾಲೆ ದೋಸೆ ಹೇಳಿದಳು. ಹೇಳುವಾಗ ದನಿ ಸಣ್ಣದಾಯಿತು. ಸಪ್ಲೈಯರ್ ನನ್ನ ಕಡೆ ತಿರುಗುವ ಮೊದಲೇ ಅವಳು ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ನನ್ನ ಮುಂದಿಟ್ಟಳು. ಒಗ್ಗರಣೆ ಅವಲಕ್ಕಿ. ನಾನು ಮಲಗಿರುವಾಗಲೇ ನಸುಕಿಗೆ ಎದ್ದು, ತಲೆಗೆ ನೀರು ಹಾಕಿಕೊಂಡು ಮಾಡಿದ್ದಳು.

"ತಿನ್ನಿ. ನಿಮಗೆ ಇಲ್ಲಿದು ಸೇರಲ್ಲ."

ನಾನು ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, "ಒಂದು ಪ್ಲೇಟ್ ಇಡ್ಲಿ ಕೊಡಪ್ಪಾ" ಅಂದೆ.

ಇಡ್ಲಿ ಬಂತು. ಅವಳು ದೋಸೆ ಮುಟ್ಟದೆ ನನ್ನ ಕೈಯನ್ನೇ ನೋಡುತ್ತಿದ್ದಳು. ಮೊದಲ ತುತ್ತು ಗಂಟಲಲ್ಲಿ ನಿಲ್ಲುತ್ತದೆ, ಅಪ್ಪ ಕಣ್ಣ ಮುಂದೆ ಬರುತ್ತಾರೆ, ಕಣ್ಣಲ್ಲಿ ನೀರು ಬರುತ್ತದೆ ಎಂದೆಲ್ಲ ಎಣಿಸಿದ್ದೆ. ಯಾವುದೂ ಆಗಲಿಲ್ಲ. ಇಡ್ಲಿ ಮೆತ್ತಗಿತ್ತು, ಚಟ್ನಿ ರುಚಿಯಾಗಿತ್ತು. ಎರಡೂ ತಿಂದು, ಬಟ್ಟಲಿನ ತಳದ ಚಟ್ನಿಯನ್ನು ಬೆರಳಿನಲ್ಲಿ ಸವರಿಕೊಂಡೆ. ತಲೆಯೆತ್ತಿ ಅವಳನ್ನು ನೋಡಿದೆ, ಮೆಚ್ಚುಗೆ ಕಾಣಬಹುದೆಂದು.

ಅವಳ ಮುಖ ಬಿಳುಚಿಕೊಂಡಿತ್ತು.

"ಇಷ್ಟೇನಾ?" ಅಂದಳು.

ನನಗೆ ಅರ್ಥವಾಗಲಿಲ್ಲ.

"ಇಷ್ಟು ಸಲೀಸಾ ನಿಮಗೆ? ಬಾಣಂತನ ಮುಗಿಸಿ ಬಂದ ಮಾರನೇ ದಿನಾನೇ ತಣ್ಣೀರು ಹಾಕ್ಕೊಂಡು ನಿಮಗೆ ಕ್ಯಾರಿಯರ್ ಕಟ್ಟಿದ್ದೀನಿ. ಜ್ವರ ಬಂದಾಗಲೂ ಕಟ್ಟಿದ್ದೀನಿ. ನಮ್ಮಮ್ಮ ಹೋದಾಗ ಸೂತಕ ಕಳೆದ ದಿನಾನೇ ಎದ್ದು, ನಿಮಗೆ ಪೇಪರ್ ತಿದ್ದೋಕೆ ಹೋಗ್ಬೇಕು ಅಂತ ಅವಲಕ್ಕಿ ಕಲಸಿದ್ದೀನಿ. ನಿಮ್ಮ ಕೈಲಿ ಆಗಲ್ಲ, ಪ್ರಾಣ ಹೋದ್ರೂ ಆಗಲ್ಲ ಅಂದ್ಕೊಂಡಿದ್ದೆ ಕಣ್ರೀ. ಇಷ್ಟೇನಾ ಇದ್ದಿದ್ದು?"

ದನಿ ಏರಿಸಲಿಲ್ಲ. ಪಕ್ಕದ ಮೇಜಿನವರಿಗೂ ಕೇಳಿಸಿರಲಿಕ್ಕಿಲ್ಲ. ನನ್ನ ಮಡಿ ಪ್ರಾಣಕ್ಕಿಂತ ದೊಡ್ಡದು ಎಂದು ನಂಬಿ ಅವಳು ಅಷ್ಟೂ ವರ್ಷ ಎದ್ದಿದ್ದಳು. ಅದು ಒಂದು ಪ್ಲೇಟ್ ಇಡ್ಲಿಗಿಂತ ದೊಡ್ಡದಲ್ಲ ಎಂದು ನಾನೇ ಅವಳೆದುರು ತೋರಿಸಿಕೊಟ್ಟಿದ್ದೆ. ತಿನ್ನದೆ ಇದ್ದಾಗ ಮಾಡಿದ್ದು ಒಂದು ತಪ್ಪು, ತಿಂದು ಮಾಡಿದ್ದು ಅದಕ್ಕಿಂತ ದೊಡ್ಡದು.

ಅವಳು ತಣ್ಣಗಾದ ದೋಸೆಯನ್ನು ನಿಧಾನವಾಗಿ, ಪೂರ್ತಿ ತಿಂದಳು. ಕೈ ತೊಳೆದು ಬಂದಳು. ಹೊರಗೆ ವ್ಯಾನಿನ ಹತ್ತಿರ ಬಂದಾಗ ನಾನೂ ಚಪ್ಪಲಿ ಬಿಡಲು ಹೋದೆ.

"ನೀವು ನೋಡಿದ್ದೀರಲ್ಲ," ಅಂದಳು. "ಇಲ್ಲೇ ಇರಿ. ನಾನು ನೋಡ್ಕೊಂಡು ಬರ್ತೀನಿ."

ಗೇಟಿನ ಒಳಗೆ ಒಬ್ಬಳೇ ಹೋದಳು. ನಾನು ಖಾಲಿ ವ್ಯಾನಿನಲ್ಲಿ ಡ್ರೈವರ್ ಸೀಟಿನ ಮೇಲೆ ಕೂತೆ. ಡಬ್ಬಿ ತೆಗೆದು ನೋಡಿದೆ. ನನಗೆ ಹೇಗೆ ಬೇಕೋ ಹಾಗೆ, ಕಡಲೆಬೀಜ ಹೆಚ್ಚಾಗಿ, ಮೆಣಸಿನಕಾಯಿ ಆರಿಸಿ ತೆಗೆದು ಮಾಡಿದ್ದಳು. ಹೊಟ್ಟೆ ತುಂಬಿತ್ತು, ತಿನ್ನಲಾಗಲಿಲ್ಲ. ಮುಚ್ಚಿ ಪಕ್ಕಕ್ಕಿಟ್ಟೆ.

ದೂರದಲ್ಲಿ ಗೋಡೆಯ ಪಕ್ಕ ಅವಳ ಸೀರೆಯ ಅಂಚು ಕಾಣುತ್ತಿತ್ತು. ಮಂಡಿಯ ಮೇಲೆ ಒಂದು ಕೈ ಇಟ್ಟುಕೊಂಡು, ಆನೆಗಳ ಸಾಲಿನ ಮುಂದೆ ನಿಧಾನವಾಗಿ ಹೋಗುತ್ತಿದ್ದಳು. ಪ್ರತಿ ಆನೆಯ ಮುಂದೂ ನಿಲ್ಲುತ್ತಿದ್ದಳು. ಮೂಲೆ ತಿರುಗಿದಳು, ಕಾಣದಾದಳು. ಬಹಳ ಹೊತ್ತಾಯಿತು. ಮಧ್ಯಾಹ್ನದ ಬಸ್ಸಿಗೆ ಜನ ಸೇರತೊಡಗಿದರು. ನನ್ನ ಕೈ ರೂಢಿಯಂತೆ ತಾನೇ ಹಾರನ್ನಿನ ಮೇಲೆ ಹೋಯಿತು. ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡೆ, ಎಷ್ಟು ಹೊತ್ತಾದರೂ ಆಗಲಿ ಎಂದು ಕೂತೆ.